ನೆಗಡಿ ಇಟ್ಟುಕೊಂಡು ಸ್ಕೈಡೈವಿಂಗ್: ಹತ್ತುವಾಗ ಸುಮ್ಮನಿದ್ದ ಕಿವಿ ಇಳಿಯುವಾಗ ಯಾಕೆ ಕೈಕೊಡುತ್ತೆ

ಮಳೆ ನಿಂತು ಆಕಾಶ ತಿಳಿಯಾಗುವ ತಿಂಗಳುಗಳಲ್ಲೇ ನಮ್ಮ ದೇಶದಲ್ಲಿ ಸ್ಕೈಡೈವಿಂಗ್ ಜೋರು. ದಾವಣಗೆರೆ, ಚಿತ್ರದುರ್ಗದವರ ದುರದೃಷ್ಟ ಏನೆಂದರೆ, ನಮ್ಮ ಮೂಗು ಅತಿ ಹೆಚ್ಚು ಕೆಡುವುದೂ ಅದೇ ತಿಂಗಳುಗಳಲ್ಲಿ. ರಸ್ತೆ ಮೇಲೆ ಮೆಕ್ಕೆಜೋಳದ ರಾಶಿ, ಒಕ್ಕಣೆ ಮಿಷಿನ್ನಿನ ದೂಳು, ರೈಸ್‌ಮಿಲ್ಲಿನ ಹೊಟ್ಟು, ಮಂಡಕ್ಕಿ ಭಟ್ಟಿಯ ಹೊಗೆ, ಸೈಟಿನ ತುಂಬ ಕಾಂಗ್ರೆಸ್ ಗಿಡ, ಮೇಲಿಂದ ಬೆಳಗಿನ ಜಾವದ ಚಳಿ. ಅರ್ಧ ಊರು ಕರ್ಚೀಫು ಹಿಡಿದುಕೊಂಡೇ ಓಡಾಡುತ್ತದೆ. ಇಂಥ ಹೊತ್ತಲ್ಲಿ ಮೂವತ್ತು ಸಾವಿರದ ಆಸುಪಾಸು ಕೊಟ್ಟು ಟ್ಯಾಂಡೆಮ್ ಜಂಪ್ (ಇನ್‌ಸ್ಟ್ರಕ್ಟರ್ ತಮ್ಮ ಮೈಗೆ ಕಟ್ಟಿಕೊಂಡು ಹಾರಿಸುವುದು) ಬುಕ್ ಮಾಡಿದವರು ಕೇಳುವ ಪ್ರಶ್ನೆ ಒಂದೇ: "ಸ್ವಲ್ಪ ನೆಗಡಿ ಐತಿ, ಪರವಾಗಿಲ್ವಾ?"

ಪರವಾಗಿದೆ. ಹಾರಬೇಡಿ. ಜ್ವರ ಇಲ್ಲದಿದ್ದರೂ, ಮೂಗು ಸೋರುವುದು ನಿಂತಿದ್ದರೂ, ಕಿವಿ ಎರಡೂ ಕಡೆ ಸಲೀಸಾಗಿ ಬಿಡುವವರೆಗೆ ಹಾರಬೇಡಿ. ಯಾಕೆ ಎನ್ನುವುದನ್ನು ಲೆಕ್ಕ ಸಮೇತ ಹೇಳಿದರೆ ಮಾತ್ರ ಜನ ನಂಬುತ್ತಾರೆ, ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ ಇದೆ, ಅದೇ ಮಧ್ಯಕಿವಿ. ಅದಕ್ಕೆ ಇರುವ ಕಿಟಕಿ ಒಂದೇ, ಮೂಗಿನ ಹಿಂಭಾಗಕ್ಕೆ ತೆರೆಯುವ ಯೂಸ್ಟೇಷಿಯನ್ ನಳಿಕೆ. ದೊಡ್ಡವರಲ್ಲಿ ಅದರ ಉದ್ದ ಮೂರೂವರೆ ಸೆಂಟಿಮೀಟರ್‌ನಷ್ಟು. ಈ ನಳಿಕೆ ಯಾವಾಗಲೂ ತೆರೆದಿರುವುದಿಲ್ಲ. ಮೂಗಿನ ಕಡೆಯ ಮೂರನೇ ಎರಡು ಪಾಲು ಮೃದ್ವಸ್ಥಿಯದು, ಸುಮ್ಮನಿದ್ದಾಗ ಮುಚ್ಚಿಯೇ ಇರುತ್ತದೆ. ಉಗುಳು ನುಂಗಿದಾಗ, ಆಕಳಿಸಿದಾಗ ಅಂಗುಳದ ಸ್ನಾಯು ಎಳೆದು ಅರೆಕ್ಷಣ ತೆರೆಯುತ್ತದೆ. ಆಗ ಕೇಳುವ "ಪಟ್" ಎನ್ನುವ ಸದ್ದೇ ಒತ್ತಡ ಸರಿಹೋದ ಗುರುತು.

ಎಲ್ಲ ಕಥೆ ಇರುವುದು ಈ ನಳಿಕೆಯ ಸ್ವಭಾವದಲ್ಲಿ. ಮೇಲೆ ಹತ್ತುವಾಗ ಹೊರಗಿನ ಒತ್ತಡ ಇಳಿಯುತ್ತದೆ, ಮಧ್ಯಕಿವಿಯ ಗಾಳಿ ಹಿಗ್ಗುತ್ತದೆ. ಒಳಗಿನ ಒತ್ತಡ ಸುಮಾರು 15 ಎಂಎಂ ಪಾದರಸದಷ್ಟು ಹೆಚ್ಚಾದರೆ ಸಾಕು, ಗಾಳಿ ತಾನಾಗಿಯೇ ನಳಿಕೆಯನ್ನು ದೂಡಿಕೊಂಡು ಆಚೆ ಹೋಗುತ್ತದೆ, ನೀವೇನೂ ಮಾಡಬೇಕಿಲ್ಲ. ಮೂಗು ಅರ್ಧ ಕಟ್ಟಿದ್ದರೂ ಬಹಳ ಸಲ ಇದು ನಡೆದುಹೋಗುತ್ತದೆ. ಇಳಿಯುವಾಗ ಆಟ ತಿರುಗುಮುರುಗು. ಹೊರಗಿನ ಒತ್ತಡ ಹೆಚ್ಚಿ ನಳಿಕೆಯ ಬಾಯಿಯನ್ನೇ ಒತ್ತಿ ಮುಚ್ಚುತ್ತದೆ. ಈಗ ಗಾಳಿ ತಾನಾಗಿ ಒಳಗೆ ಹೋಗುವುದಿಲ್ಲ, ಸ್ನಾಯುವೇ ಎಳೆದು ತೆರೆಯಬೇಕು. ನೆಗಡಿಯಲ್ಲಿ ಆ ಬಾಯಿಯ ಸುತ್ತ ಊತ, ಮೇಲೆ ಅಂಟು ಕಫ. ವ್ಯತ್ಯಾಸ 80–90 ಎಂಎಂ ದಾಟಿದರೆ ಸ್ನಾಯು ಎಷ್ಟು ಎಳೆದರೂ ನಳಿಕೆ ತೆರೆಯುವುದಿಲ್ಲ, ಬೀಗ ಬಿದ್ದಂತೆಯೇ.

ಹಾಗಾಗಿ "ವಿಮಾನ ಹತ್ತಿ ನೋಡೋಣ, ಕಿವಿ ನೋಯ್ದರೆ ಬೇಡ ಅಂದರಾಯಿತು" ಎನ್ನುವ ಲೆಕ್ಕಾಚಾರ ಬುಡದಲ್ಲೇ ತಪ್ಪು. ಹದಿನೈದಿಪ್ಪತ್ತು ನಿಮಿಷ ವಿಮಾನ ಮೇಲೇರುವಾಗ ಕಿವಿ ಹಾಯಾಗಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ, ಸುದ್ದಿಯೇ ಅಲ್ಲ. ಪರೀಕ್ಷೆ ಬಾಗಿಲಿನಿಂದ ಆಚೆ ಬಿದ್ದ ಮೇಲೆ ಶುರುವಾಗುತ್ತದೆ, ಅಷ್ಟರಲ್ಲಿ ವಾಪಸ್ ಹೋಗುವ ದಾರಿ ಇಲ್ಲ. ಸ್ಕೂಬಾ ಡೈವರ್‌ಗೆ ಕಿವಿ ಹಿಡಿದರೆ ಎರಡಡಿ ಮೇಲೆ ಬಂದು, ಒತ್ತಡ ಸರಿ ಮಾಡಿಕೊಂಡು ಮತ್ತೆ ಇಳಿಯಬಹುದು. ಪೈಲಟ್ ಕೂಡ ಬೇಕಾದರೆ ವಿಮಾನವನ್ನು ಸ್ವಲ್ಪ ಏರಿಸಬಹುದು. ಸ್ಕೈಡೈವರ್‌ಗೆ ಮೇಲೆ ಎನ್ನುವುದೇ ಇರುವುದಿಲ್ಲ.

ಮೂವತ್ತೆರಡು ಸೆಕೆಂಡಿನ ಲೆಕ್ಕ

ಚಿತ್ರದುರ್ಗದ ನೆಲ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಮೈಸೂರೂ ಅದರ ಆಸುಪಾಸೇ. ಇಂಥ ನೆಲದಿಂದ 10,000 ಅಡಿ ಮೇಲೆ ಹೋಗಿ ಹಾರಿದರೆ ನೀವು ಸಮುದ್ರಮಟ್ಟದಿಂದ 12,400 ಅಡಿಯಲ್ಲಿದ್ದೀರಿ ಎಂದರ್ಥ. ಅಲ್ಲಿ ಗಾಳಿಯ ಒತ್ತಡ ಸುಮಾರು 476 ಎಂಎಂ ಪಾದರಸ. ನೆಲದಿಂದ 5,000 ಅಡಿ ಎತ್ತರದಲ್ಲಿ ಪ್ಯಾರಾಚೂಟ್ ಕೊಡೆ ಬಿಚ್ಚುವಾಗ 578. ನೆಲದ ಮೇಲೆ 696. ಬಿ.ಪಿ. ಅಳೆಯುವುದು ಇದೇ ಮಾಪನದಲ್ಲಿ, ಹಾಗಾಗಿ ಅಂಕಿ ಅಪರಿಚಿತವೇನಲ್ಲ.

ಈಗ ಕಿವಿ ಪೂರ್ತಿ ಕಟ್ಟಿಕೊಂಡಿರುವ ಒಬ್ಬರು ಬಾಗಿಲಿನಿಂದ ಹೊರಬಿದ್ದರು ಎಂದುಕೊಳ್ಳಿ. ಮೊದಲ 10 ಸೆಕೆಂಡಿಗೆ ಹೆಚ್ಚುಕಡಿಮೆ 1,000 ಅಡಿ ಇಳಿಯುತ್ತಾರೆ. ಒತ್ತಡದ ವ್ಯತ್ಯಾಸ 19 ಎಂಎಂ, ಕಿವಿ ತುಂಬಿದಂತೆ ಅನಿಸುತ್ತದೆ, ಅಷ್ಟೆ. ಅಲ್ಲಿಂದ ಮುಂದೆ ವೇಗ ಗಂಟೆಗೆ 190–200 ಕಿ.ಮೀ.ಗೆ ನಿಂತು, ಪ್ರತಿ 1,000 ಅಡಿಗೆ ಐದೂವರೆ ಸೆಕೆಂಡು. ಹದಿನಾರನೇ ಸೆಕೆಂಡಿಗೆ 39, ಅಸಹನೆ. ಇಪ್ಪತ್ತೊಂದನೇ ಸೆಕೆಂಡಿಗೆ 59, ಇದು ನಿಜವಾದ ನೋವು. ಇಪ್ಪತ್ತೇಳಕ್ಕೆ 80, ನಳಿಕೆಗೆ ಬೀಗ ಬೀಳುವ ಹೊತ್ತು. ಮೂವತ್ತೆರಡನೇ ಸೆಕೆಂಡಿಗೆ ಕೊಡೆ ಬಿಚ್ಚುವಾಗ 102. ತಮಟೆ ಹರಿಯುವ ಸಾಧ್ಯತೆ ಶುರುವಾಗುವುದೇ 100ರಿಂದ. ಎಲ್ಲರಿಗೂ ಹರಿಯುತ್ತದೆ ಎಂದಲ್ಲ, ಕೆಲವರ ತಮಟೆ ಇದರ ಮೂರ್ನಾಲ್ಕು ಪಟ್ಟು ತಡೆಯುತ್ತದೆ. ಆದರೆ ನಿಮ್ಮದು ಯಾವ ಜಾತಿಯದು ಅಂತ ಮೊದಲೇ ಹೇಳುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ. 0.1 ಮಿ.ಮೀ. ದಪ್ಪದ ಆ ಚರ್ಮದ ಮೇಲೆ ಆಗ 80 ಗ್ರಾಂಗೂ ಹೆಚ್ಚು ಭಾರ ಕೂತಿರುತ್ತದೆ.

ಕೊಡೆ ಬಿಚ್ಚಿದ ಮೇಲೆ ಎಲ್ಲ ನಿಧಾನ ಎಂದುಕೊಳ್ಳುತ್ತಾರೆ. ನಿಧಾನ ಹೌದು, ಮುಗಿದಿಲ್ಲ. ಉಳಿದ 5,000 ಅಡಿಯಲ್ಲಿ ಒತ್ತಡ ಇನ್ನೂ 118 ಎಂಎಂ ಏರುತ್ತದೆ, ಅಂದರೆ ಕೊಡೆ ಬಿಚ್ಚುವ ಮುಂಚೆ ಬೀಳುವ ಫ್ರೀಫಾಲ್‌ಗಿಂತಲೂ ಜಾಸ್ತಿ. ಗಾಳಿ ಕೆಳಕ್ಕೆ ಬಂದಷ್ಟೂ ದಟ್ಟ, ಅದಕ್ಕೇ ಕೆಳಗಿನ ಅಡಿಗಳೇ ಕಿವಿಗೆ ದುಬಾರಿ. ಇಲ್ಲಿ ಸಿಗುವುದು ಐದಾರು ನಿಮಿಷ ಎನ್ನುವುದಷ್ಟೇ ಸಮಾಧಾನ.

ಹೋಲಿಸಿ ನೋಡುವುದಾದರೆ ನಮಗೆಲ್ಲ ಗೊತ್ತಿರುವ ಆಗುಂಬೆ ಘಾಟಿ ಇದೆ. ಉಡುಪಿಗೆ ಹೋಗುವಾಗ 14 ತಿರುವು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಕಿವಿ ಗುಂಯ್ ಎನ್ನುತ್ತದಲ್ಲ, ಅಲ್ಲಿ ಬದಲಾಗುವುದು ಸುಮಾರು 40 ಎಂಎಂ, ಅದೂ ಅರ್ಧ ಗಂಟೆ ಹಿಡಿದು. ಮೇಲೆ ಖಾಲಿ ನೀರಿನ ಬಾಟಲಿಗೆ ಬಿರಡೆ ಬಿಗಿದು ಇಟ್ಟುಕೊಳ್ಳಿ, ಕೆಳಗೆ ಬರುವಷ್ಟರಲ್ಲಿ ಅದರ ಹೊಟ್ಟೆ ಒಳಗೆ ಹೋಗಿರುತ್ತದೆ. ನೆಗಡಿ ಇದ್ದಾಗ ಘಾಟಿಯಲ್ಲೇ ಕಿವಿ ಹಿಡಿಯುವವರು ಸ್ಕೈಡೈವಿಂಗ್ ವಿಷಯದಲ್ಲಿ ಎರಡನೇ ಯೋಚನೆ ಮಾಡಬೇಕಿಲ್ಲ. ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವಾಗಲೂ ಕ್ಯಾಬಿನ್ ಒತ್ತಡವನ್ನು ನಿಮಿಷಕ್ಕೆ 300–500 ಅಡಿ ಇಳಿದಷ್ಟು ಮಾತ್ರ ಬದಲಾಗುವಂತೆ ಹಿಡಿದಿಟ್ಟಿರುತ್ತಾರೆ. ಫ್ರೀಫಾಲ್‌ನಲ್ಲಿ ಅದೇ ಲೆಕ್ಕ ನಿಮಿಷಕ್ಕೆ 10,000 ಅಡಿ. "ಲಾಸ್ಟ್ ಟೈಮ್ ಫ್ಲೈಟಲ್ಲಿ ನೆಗಡಿ ಇತ್ತು, ಏನೂ ಆಗಲಿಲ್ಲ" ಎನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಕಿವಿಯಷ್ಟೇ ಅಲ್ಲ

ಸೈನಸ್ ಎಂದರೆ ಮುಖದ ಮೂಳೆಗಳೊಳಗಿನ ಗಾಳಿಗೂಡುಗಳು. ಹಣೆಯಲ್ಲಿ, ಕೆನ್ನೆಯಲ್ಲಿ, ಕಣ್ಣುಗಳ ನಡುವೆ, ತಲೆಯ ಆಳದಲ್ಲಿ. ಕಿವಿಗಾದರೂ ನುಂಗುವುದು, ಮೂಗು ಹಿಡಿದು ಊದುವುದು ಅಂತ ಉಪಾಯಗಳಿವೆ. ಸೈನಸ್‌ಗೆ ಸ್ನಾಯುವೇ ಇಲ್ಲ, ದ್ವಾರ ತೆರೆದಿದ್ದರೆ ತೆರೆದಿದೆ, ಕಟ್ಟಿದ್ದರೆ ಕಟ್ಟಿದೆ. ಕೆನ್ನೆಯ ಒಂದು ಸೈನಸ್‌ನಲ್ಲಿ ಸುಮಾರು 15 ಮಿ.ಲೀ. ಗಾಳಿ ಇರುತ್ತದೆ. ದ್ವಾರ ಕಟ್ಟಿಕೊಂಡು 12,400 ಅಡಿಯಿಂದ ನೆಲಕ್ಕೆ ಬಂದರೆ ಆ ಗಾಳಿ 10 ಮಿ.ಲೀ. ಚಿಲ್ಲರೆಗೆ ಕುಗ್ಗುತ್ತದೆ. ಮೂಳೆ ಕುಗ್ಗುವುದಿಲ್ಲ. ಖಾಲಿಯಾದ ನಾಲ್ಕೂವರೆ ಮಿ.ಲೀ. ಜಾಗವನ್ನು ಏನಾದರೂ ತುಂಬಲೇಬೇಕಲ್ಲ, ಒಳಪೊರೆ ಊದಿಕೊಂಡು, ರಕ್ತ ಮತ್ತು ನೀರು ಒಸರಿ ತುಂಬುತ್ತದೆ. ಇಳಿದ ಮೇಲೆ ಮೂಗಿನಿಂದ ಬರುವ ರಕ್ತ ಇದೇ.

ಹೆಚ್ಚು ಕಾಡುವುದು ಹಣೆಯ ಸೈನಸ್. ಅದರ ದಾರಿ ಉದ್ದ, ಸಪೂರ, ಬೇಗ ಕಟ್ಟಿಕೊಳ್ಳುತ್ತದೆ. ಹುಬ್ಬಿನ ಮೇಲೆ ಚೂರಿ ಇಟ್ಟು ತಿವಿದಂಥ ನೋವು, ಕಣ್ಣು ತಂತಾನೇ ಮುಚ್ಚಿಕೊಳ್ಳುತ್ತದೆ. ಕೆನ್ನೆಯ ಸೈನಸ್ ಹಿಡಿದರೆ ನೋವು ಮೇಲ್ದವಡೆಯ ಹಲ್ಲಿನಲ್ಲಿ ಕಾಣಿಸಿಕೊಂಡು, ಕೆಲವೊಮ್ಮೆ ಮೇಲ್ತುಟಿ, ಕೆನ್ನೆ ಜೋಮು ಹಿಡಿಯುತ್ತದೆ. ಜನ ಹಲ್ಲಿನ ಡಾಕ್ಟರ ಹತ್ತಿರ ಓಡುತ್ತಾರೆ. ನಿಜವಾದ ಹಲ್ಲುನೋವೂ ಇದೆ, ಫಿಲ್ಲಿಂಗ್ ಕೆಳಗೆ ಗಾಳಿ ಸಿಕ್ಕಿಕೊಂಡಿದ್ದರೆ. ಆದರೆ ಅದು ಸಾಮಾನ್ಯವಾಗಿ ಮೇಲೆ ಹತ್ತುವಾಗ ಬರುತ್ತದೆ. ನೋವು ಯಾವಾಗ ಶುರುವಾಯಿತು ಎನ್ನುವುದನ್ನು ನೆನಪಿಟ್ಟುಕೊಂಡು ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಕಡಿಮೆ.

ನೋವಿಗಿಂತ ಭಯಪಡಬೇಕಾದ್ದು ತಲೆಸುತ್ತು. ಎರಡು ಕಿವಿಗಳಲ್ಲಿ ಒಂದು ಬಿಟ್ಟು ಇನ್ನೊಂದು ಬಿಡದಿದ್ದರೆ ಒಳಕಿವಿಯ ಸಮತೋಲನ ಅಂಗಕ್ಕೆ ಎರಡು ಬೇರೆ ಬೇರೆ ಸುದ್ದಿ ಹೋಗುತ್ತದೆ, ಲೋಕ ಗಿರಗಿರ ತಿರುಗುತ್ತದೆ. ಟ್ಯಾಂಡೆಮ್‌ನಲ್ಲಿ ಇನ್‌ಸ್ಟ್ರಕ್ಟರ್ ಇರುತ್ತಾರೆ, ವಾಂತಿಯಲ್ಲೋ ಕಾಲು ಎತ್ತಲಾಗದೆ ಒರಟಾಗಿ ಇಳಿಯುವುದರಲ್ಲೋ ಮುಗಿಯಬಹುದು. ಒಬ್ಬರೇ ಹಾರುವ ವಿದ್ಯಾರ್ಥಿಗೆ ಹೀಗಾದರೆ ಎತ್ತರ ತೋರಿಸುವ ಆಲ್ಟಿಮೀಟರ್ ನೋಡುವುದು, ಸಮಯಕ್ಕೆ ಕೊಡೆ ಎಳೆಯುವುದು, ಗಾಳಿಯ ದಿಕ್ಕು ನೋಡಿ ಇಳಿಯುವ ದಾರಿ ಹಿಡಿಯುವುದು, ಎಲ್ಲಕ್ಕೂ ಸಂಚಕಾರ. ಅಲ್ಲಿ ಕಿವಿಯ ಕಾಯಿಲೆ ಜೀವಕ್ಕೇ ಬರುತ್ತದೆ.

ಇನ್ನೊಂದು ಅಪರೂಪದ್ದು, ಆದರೆ ಕೆಟ್ಟದ್ದು. ಕಿವಿ ಬಿಡುತ್ತಿಲ್ಲ ಎಂದು ಮೂಗು ಹಿಡಿದು ಜೋರಾಗಿ ಮುಕ್ಕಿದಾಗ ತಲೆಯೊಳಗಿನ ದ್ರವದ ಒತ್ತಡ ಏರಿ, ಒಳಕಿವಿಯ ಕಿಟಕಿಯ ತೆಳು ಪೊರೆಯೇ ಹರಿಯಬಹುದು. ತಮಟೆ ಹರಿದರೆ ಬಹುಪಾಲು ತಾನಾಗಿ ಕೂಡಿಕೊಳ್ಳುತ್ತದೆ. ಇದು ಹರಿದರೆ ಕೇಳುವ ಶಕ್ತಿಯೇ ಶಾಶ್ವತವಾಗಿ ಹೋಗಬಹುದು.

ಡ್ರಾಪ್ಸು, ಮಾತ್ರೆ, ಅಮೃತಾಂಜನ

"ಮೂಗಿಗೆ ಎರಡು ಹನಿ ಹಾಕ್ಕೊಂಡು ಹೋದ್ರಾಯ್ತು ಬಿಡಣ್ಣ" ಎನ್ನುವ ಸಲಹೆ ಮೆಡಿಕಲ್ ಶಾಪಿನ ಮುಂದೆಯೇ ಉಚಿತವಾಗಿ ಸಿಗುತ್ತದೆ. ನಾಸಿವಿಯಾನ್‌ನಲ್ಲಿರುವುದು ಆಕ್ಸಿಮೆಟಜೋಲಿನ್, ದೊಡ್ಡವರಿಗೆ ಶೇ. 0.05ರದ್ದು. ಒಟ್ರಿವಿನ್‌ನಲ್ಲಿರುವುದು ಕ್ಸೈಲೋಮೆಟಜೋಲಿನ್, ಶೇ. 0.1. ಎರಡೂ ಮೂಗಿನ ರಕ್ತನಾಳಗಳನ್ನು ಬಿಗಿಸಿ ಐದು ಹತ್ತು ನಿಮಿಷದಲ್ಲಿ ದಾರಿ ಬಿಡಿಸುತ್ತವೆ. ಆದರೆ ಬಿಡುವುದು ಮೂಗಿನ ದಾರಿ. ಹನಿ ತಗುಲದ ನಳಿಕೆಯ ಒಳಭಾಗ, ಹಣೆಯ ಸೈನಸ್‌ನ ಸಂದಿ ಹಾಗೇ ಊದಿಕೊಂಡಿರಬಹುದು. ಉಸಿರು ಸರಾಗವಾದ್ದರಿಂದ ಎಲ್ಲ ಸರಿಯಾಯಿತು ಎನಿಸುತ್ತದೆ, ಮೋಸ ಇರುವುದು ಅಲ್ಲೇ. ಇನ್ನೊಂದು ತೊಂದರೆ ಸರದಿ. ಬೆಳಗ್ಗೆ 6ಕ್ಕೆ ಹನಿ ಹಾಕಿಕೊಂಡು ಹೋದವರಿಗೆ ಗಾಳಿ ಜೋರಾಗಿ ಸರದಿ ಸಂಜೆಗೆ ಹೋದರೆ ಔಷಧಿಯ ಪ್ರಭಾವ ಇಳಿಯುವ ಹೊತ್ತಿಗೆ ಸರಿಯಾಗಿ ವಿಮಾನ ಹತ್ತುತ್ತಾರೆ. ಮೂರು ದಿನಕ್ಕಿಂತ ಹೆಚ್ಚು ಹಾಕಿದರೆ ಔಷಧಿಯೇ ಮೂಗು ಕಟ್ಟಿಸಲು ಶುರು ಮಾಡುತ್ತದೆ. ಬಿ.ಪಿ. ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ನೆಗಡಿ ಮಾತ್ರೆಗಳದ್ದು ಇನ್ನೊಂದು ಬಗೆ. ನಮ್ಮಲ್ಲಿ ಸಿಗುವ ಬಹುತೇಕ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ 10 ಮಿ.ಗ್ರಾಂ ಫಿನೈಲೆಫ್ರಿನ್ ಇರುತ್ತದೆ. ಬಾಯಿಂದ ನುಂಗಿದ ಫಿನೈಲೆಫ್ರಿನ್ ಮೂಗು ಕಟ್ಟಿದ್ದನ್ನು ಬಿಡಿಸುವುದಿಲ್ಲ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ 2023ರಲ್ಲೇ ಹೇಳಿತು, 2024ರಲ್ಲಿ ಅದನ್ನು ಚೀಟಿ ಇಲ್ಲದೆ ಮಾರುವ ಔಷಧಿಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾಪವೂ ಬಂತು. ಜೊತೆಗಿರುವ ಕ್ಲೋರ್‌ಫೆನಿರಮೈನ್ ಅಥವಾ ಸೆಟ್ರಿಜಿನ್ ಮಂಪರು ತರಿಸುತ್ತದೆ. ಕ್ಲೋರ್‌ಫೆನಿರಮೈನ್‌ನ ಅರ್ಧದಷ್ಟು ದೇಹದಿಂದ ಹೋಗಲು ಹೆಚ್ಚುಕಡಿಮೆ 20 ಗಂಟೆ ಬೇಕು, ಅಂದರೆ ರಾತ್ರಿ ನುಂಗಿದ್ದು ಮಾರನೇ ದಿನ ಹಾರುವಾಗಲೂ ತಲೆಯಲ್ಲಿರುತ್ತದೆ. ಪ್ಯಾರಾಸಿಟಮಾಲ್ ನೋವನ್ನು ಅಡಗಿಸುತ್ತದೆ. ಎಚ್ಚರಿಕೆ ಕೊಡುವ ನೋವೇ ಇಲ್ಲದಂತಾಗಿ, ಮಂಪರೂ ಸೇರಿ, ಕಟ್ಟಿದ್ದು ಮಾತ್ರ ಕಟ್ಟಿದಂತೆಯೇ ಇರುತ್ತದೆ. ಇದಕ್ಕಿಂತ ಕೆಟ್ಟ ಜೋಡಣೆ ಇಲ್ಲ.

ಅಮೃತಾಂಜನ, ವಿಕ್ಸ್ ಹಚ್ಚಿದಾಗ ಮೂಗು ಬಿಟ್ಟಂತಾಗುವುದು ಮೆಂಥಾಲ್‌ನ ತಂಪಿನಿಂದ, ಊತ ಒಂದಿಷ್ಟೂ ಇಳಿದಿರುವುದಿಲ್ಲ. ಮನೆಯಲ್ಲಿ ಅಮ್ಮ ಹಚ್ಚಿದರೆ ಹಚ್ಚಿಸಿಕೊಳ್ಳಿ, ನಿದ್ದೆಯಾದರೂ ಬರುತ್ತದೆ. ಶುಂಠಿ ಮೆಣಸಿನ ಕಷಾಯ, ದೊಡ್ಡಪತ್ರೆ ರಸ ಗಂಟಲಿಗೆ ಹಿತ. ಹಬೆ ತಗೊಂಡರೆ ಕಫ ತೆಳುವಾಗುತ್ತದೆ. ಯಾವುದೂ ಹಾರಲು ಪರವಾನಗಿಯಲ್ಲ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುವುದು ಮಾತ್ರ ಬೇಡವೇ ಬೇಡ. ತೊಂದರೆ ತಮಟೆಯ ಹಿಂದೆ ಇದೆ, ಎಣ್ಣೆ ಮುಂದೆ ನಿಲ್ಲುತ್ತದೆ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗೇ ಹೋಗಿ ಸೋಂಕು. ಕಿವಿಗೆ ಅರಳೆ ತುರುಕಿಕೊಂಡರೂ ಒತ್ತಡ ನಿಲ್ಲುವುದಿಲ್ಲ. ಬಿಗಿಯಾದ ಇಯರ್‌ಪ್ಲಗ್ ಇನ್ನೂ ಕೆಟ್ಟದ್ದು, ಪ್ಲಗ್ಗಿಗೂ ತಮಟೆಗೂ ನಡುವೆ ಸಿಕ್ಕ ಗಾಳಿಯೇ ಹೊಸ ತಲೆನೋವು.

ಜಲನೇತಿ ಮಾಡುವವರಿಗೆ ಒಂದು ಮಾತು. ದೂಳಿನ ಅಲರ್ಜಿಗೆ ಅದು ನಿಜಕ್ಕೂ ಒಳ್ಳೆಯದು. ನೀರು ಕುದಿಸಿ ಆರಿಸಿದ್ದೇ ಆಗಬೇಕು, ಬೋರ್‌ವೆಲ್ಲಿನದೋ ನಲ್ಲಿಯದೋ ನೇರವಾಗಿ ಬೇಡ. ಲೀಟರಿಗೆ 9 ಗ್ರಾಂ ಉಪ್ಪು. ಹಾರುವ ದಿನ ಬೆಳಗ್ಗೆ ಮಾಡಬೇಡಿ, ಸೈನಸ್‌ನಲ್ಲಿ ಉಳಿದ ನೀರು ಗಂಟೆಗಳ ಮೇಲೆ ಇಳಿಯುವುದುಂಟು.

ಅಲರ್ಜಿ ಖಾಯಂ ಇರುವವರು ಕೊನೇ ಗಳಿಗೆಯ ಹನಿ ನಂಬುವ ಬದಲು ಮೊದಲೇ ತಯಾರಿ ಮಾಡುವುದು ಜಾಣತನ. ಫ್ಲೂಟಿಕಾಸೋನ್‌ನಂಥ ಸ್ಟೀರಾಯ್ಡ್ ಮೂಗಿನ ಸ್ಪ್ರೇ ಪೂರ್ತಿ ಕೆಲಸಕ್ಕೆ ಒಂದೆರಡು ವಾರ ತಗೊಳ್ಳುತ್ತದೆ, ಹಾಗಾಗಿ ಡಾಕ್ಟರನ್ನು ಕಂಡು ಹದಿನೈದು ದಿನ ಮುಂಚೆಯೇ ಶುರು ಮಾಡಬೇಕು. ಹೊಡೆಯುವ ಕ್ರಮ ಮುಖ್ಯ. ತಲೆ ತುಸು ಬಗ್ಗಿಸಿ, ಬಲಗೈಯಲ್ಲಿ ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ. ತುದಿ ಕಣ್ಣಿನ ಹೊರಮೂಲೆಯ ಕಡೆ ನೋಡುತ್ತಿರಬೇಕು, ನಡುಗೋಡೆಯ ಕಡೆ ಅಲ್ಲ. ನಡುಗೋಡೆಗೇ ಹೊಡೆಯುತ್ತಿದ್ದರೆ ರಕ್ತ ಬರುತ್ತದೆ. ಜೋರಾಗಿ ಸೊರ್ ಎಂದು ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ, ಮೂಗಿನಲ್ಲಿ ಏನೂ ಉಳಿಯುವುದಿಲ್ಲ. ಮೂಗಿನ ನಡುಗೋಡೆ ಸೊಟ್ಟ ಇರುವವರು, ದುರ್ಮಾಂಸ ಬೆಳೆದಿದೆ ಎಂದು ಹೇಳಿಸಿಕೊಂಡವರು ನೆಗಡಿ ಇಲ್ಲದಿದ್ದರೂ ಬುಕ್ ಮಾಡುವ ಮೊದಲೇ ಇಎನ್‌ಟಿ ಡಾಕ್ಟರಿಗೆ ತೋರಿಸಿಕೊಳ್ಳಬೇಕು.

ನೆಲದ ಮೇಲೆಯೇ ಪರೀಕ್ಷೆ

ಸಾಮಾನ್ಯ ನೆಗಡಿ 7–10 ದಿನದಲ್ಲಿ ಹೋಗುತ್ತದೆ. ನಳಿಕೆಯ ಊತ ಅದರ ಹಿಂದೆಯೇ ಹೋಗುವುದಿಲ್ಲ, ಇನ್ನೂ ಒಂದೆರಡು ವಾರ ಕುಂಟುತ್ತದೆ. ಅದಕ್ಕೇ ದಿನ ಎಣಿಸಬೇಡಿ, ಪರೀಕ್ಷಿಸಿ. ಹಾರುವ ಹಿಂದಿನ ರಾತ್ರಿ ಮತ್ತು ಅವತ್ತು ಬೆಳಗ್ಗೆ, ಯಾವ ಡ್ರಾಪ್ಸೂ ಹಾಕದೆ, ಮೂಗಿನ ಹೊಳ್ಳೆ ಎರಡೂ ಒತ್ತಿ ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಕೆನ್ನೆ ಉಬ್ಬಿಸುವಷ್ಟು ಬೇಡ, ಐದು ಸೆಕೆಂಡಿಗಿಂತ ಹೆಚ್ಚೂ ಬೇಡ. ಎರಡೂ ಕಿವಿ ಒಟ್ಟೊಟ್ಟಿಗೆ ಪಟ್ ಎನ್ನಬೇಕು. ಆಮೇಲೆ ಮೂಗು ಹಿಡಿದೇ ಒಂದು ಗುಟುಕು ನೀರು ನುಂಗಿ, ಮತ್ತೆ ಎರಡೂ ಕಡೆ ಸದ್ದು ಬರಬೇಕು. ಎರಡನೆಯದೇ ಹೆಚ್ಚು ನಂಬಿಕೆಯದು, ಸ್ನಾಯು ತಾನೇ ನಳಿಕೆ ತೆರೆಯುತ್ತದೋ ಇಲ್ಲವೋ ಅದು ಹೇಳುತ್ತದೆ. ಒಂದು ಕಿವಿ ಬಿಟ್ಟು ಇನ್ನೊಂದು ತಡವಾಗಿ ಬಿಟ್ಟರೆ, ಅಥವಾ ಕೀಚ್ ಎಂದು ಸಿಳ್ಳೆ ಹೊಡೆದರೆ, ಅವತ್ತು ಬೇಡ. ಮುಂದಕ್ಕೆ ಬಗ್ಗಿ ತಲೆ ಮೊಣಕಾಲ ಮಟ್ಟಕ್ಕೆ ತಂದಾಗ ಹಣೆ ಅಥವಾ ಕೆನ್ನೆ ಭಾರವಾದರೂ ಬೇಡ.

ಸಂದೇಹ ಇದ್ದವರಿಗೆ ತಮಟೆಯ ಹಿಂದಿನ ಒತ್ತಡ ನೋಡುವ ಟಿಂಪನೋಮೆಟ್ರಿ ಎನ್ನುವ ಪರೀಕ್ಷೆ ಇದೆ. ಮೆಡಿಕಲ್ ಕಾಲೇಜುಗಳಿರುವ ದಾವಣಗೆರೆಯಲ್ಲಿ ಇಎನ್‌ಟಿ ವಿಭಾಗ ಹುಡುಕುವುದು ಕಷ್ಟವಲ್ಲ, ಪರೀಕ್ಷೆಗೆ ಹಿಡಿಯುವುದು ಐದು ನಿಮಿಷ. ಗ್ರಾಫ್‌ನಲ್ಲಿ ಶಿಖರ ಸೊನ್ನೆಯ ಹತ್ತಿರ ಇದ್ದರೆ ಎ ಟೈಪ್, ಸರಿ ಇದೆ. ಶಿಖರ ಮೈನಸ್ ಕಡೆ ಸರಿದಿದ್ದರೆ ಸಿ ಟೈಪ್, ನಳಿಕೆ ಸರಿಯಾಗಿ ತೆರೆಯುತ್ತಿಲ್ಲ. ಶಿಖರವೇ ಇಲ್ಲದೆ ಚಪ್ಪಟೆ ಗೆರೆ ಬಂದರೆ ಬಿ ಟೈಪ್, ತಮಟೆಯ ಹಿಂದೆ ನೀರು ನಿಂತಿರುವ ಸಾಧ್ಯತೆ ಹೆಚ್ಚು.

ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿ: "ನೆಗಡಿ ಆದರೆ ಡೇಟ್ ಮುಂದಕ್ಕೆ ಹಾಕಿಕೊಡ್ತೀರಾ?" ಉತ್ತರವನ್ನು ವಾಟ್ಸಾಪಿನಲ್ಲಿ ಬರಹದಲ್ಲಿ ಪಡೆಯಿರಿ. ಕಟ್ಟಿದ ದುಡ್ಡು ಹೋಗುತ್ತಲ್ಲ ಎನ್ನುವ ಸಂಕಟವೇ ಅರ್ಧ ಜನರನ್ನು ಮೂಗು ಕಟ್ಟಿಕೊಂಡು ವಿಮಾನ ಹತ್ತಿಸುವುದು. ನಮ್ಮೂರಲ್ಲಿ ಹಾರುವ ಜಾಗ ಇಲ್ಲ. ಚಳ್ಳಕೆರೆ ಹತ್ತಿರದ ರನ್‌ವೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ್ದು, 2017ರಿಂದ ಚಾಲಕರಹಿತ ವಿಮಾನಗಳ ಪರೀಕ್ಷೆಗೆ ಇರುವಂಥದ್ದು, ಅಲ್ಲಿ ಯಾರೂ ನಿಮ್ಮನ್ನು ಹಾರಿಸುವುದಿಲ್ಲ. ಕ್ಯಾಂಪ್ ನಡೆಯುವಾಗ ಮೈಸೂರಿಗೋ, ದೂರದ ಹರಿಯಾಣದ ನಾರ್ನೌಲ್‌ಗೋ ಹೋಗಬೇಕು. ರಾತ್ರಿ ಎಸಿ ಸ್ಲೀಪರಿನಲ್ಲಿ ಹೋಗುವವರು ಮುಖದ ಮೇಲಿನ ಗಾಳಿಕಂಡಿ ಮುಚ್ಚಿಕೊಳ್ಳಿ. ಒಣಗಾಳಿಗೆ ಎಂಟು ಗಂಟೆ ಮೂಗು ಒಡ್ಡಿದರೆ ಚೆನ್ನಾಗಿದ್ದದ್ದೂ ಕಟ್ಟುತ್ತದೆ. ಸಾಧ್ಯವಾದರೆ ಒಂದು ದಿನ ಮುಂಚೆ ಹೋಗಿ ಮಲಗಿ.

ಕಿವಿ ಸರಿಯಿದೆ, ಹಾರುತ್ತಿದ್ದೀರಿ ಎಂದಾದರೆ ಇಷ್ಟು ನೆನಪಿರಲಿ. ಹತ್ತುವ ಮೊದಲು ನಾಲ್ಕು ಗುಟುಕು ನೀರು ಕುಡಿಯಿರಿ, ಭಯಕ್ಕೆ ಬಾಯಿ ಒಣಗಿದರೆ ನುಂಗಲು ಉಗುಳೇ ಇರುವುದಿಲ್ಲ. ಬಸ್ಸಿನಲ್ಲಿ ಮಾಡುವಂತೆ ಪೆಪ್ಪರ್‌ಮಿಂಟೋ ಚೂಯಿಂಗ್ ಗಮ್ಮೋ ಬಾಯಲ್ಲಿಟ್ಟುಕೊಂಡು ಹಾರಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಫ್ರೀಫಾಲ್‌ನಲ್ಲಿ ಮೂಗು ಹಿಡಿಯಲು ಕೈ ಬಿಡುವಿರುವುದಿಲ್ಲ. ದವಡೆಯನ್ನು ಮುಂದಕ್ಕೆ ತಳ್ಳಿ ಅತ್ತಿತ್ತ ಆಡಿಸಿ, ಆಗಾಗ ನುಂಗಿ. ಕಿರುಚುವುದೂ ಉಪಯೋಗಕ್ಕೆ ಬರುತ್ತದೆ, ಬಾಯಿ ಅಗಲ ತೆರೆದಾಗ ನಳಿಕೆಗೂ ಎಳೆತ ಸಿಗುತ್ತದೆ, ನಾಚಿಕೊಳ್ಳಬೇಡಿ. ಮೇಲೆ ಉಷ್ಣಾಂಶ ನೆಲಕ್ಕಿಂತ ಸುಮಾರು 20 ಡಿಗ್ರಿ ಕಡಿಮೆ, ಆ ಗಾಳಿಗೆ ಆರೋಗ್ಯವಂತರ ಮೂಗೂ ಸೋರುತ್ತದೆ, ಅದಕ್ಕೆ ಗಾಬರಿ ಬೇಡ. ಕೊಡೆ ಬಿಚ್ಚಿದ ತಕ್ಷಣ, ಫೋಟೋಗೆ ಕೈ ಬೀಸುವ ಮೊದಲು, ಮೂಗು ಹಿಡಿದು ಮೆಲ್ಲಗೆ ಊದಿ. ನೋವು ಬರುವವರೆಗೆ ಕಾಯಬೇಡಿ, ಇಳಿಯುವವರೆಗೂ ಅರ್ಧ ನಿಮಿಷಕ್ಕೊಮ್ಮೆ ಮಾಡುತ್ತಿರಿ. ಬಿಡದಿದ್ದರೆ ಜೋರು ಮಾಡದೆ ನುಂಗುವ ವಿಧಾನಕ್ಕೆ ಹೋಗಿ, ಇನ್‌ಸ್ಟ್ರಕ್ಟರಿಗೆ ಹೇಳಿ, ಸುತ್ತು ಹಾಕಿ ಇಳಿಸಬೇಡಿ ಅಂತ. ಕೊಡೆಯನ್ನು ತಿರುಗಣಿಯಂತೆ ಸುತ್ತಿಸಿದರೆ ಇಳಿಯುವ ವೇಗ ಹಲವು ಪಟ್ಟು ಹೆಚ್ಚುತ್ತದೆ. ವಿಡಿಯೊಗೆ ಚೆಂದ, ಕಿವಿಗಲ್ಲ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕುವ ಒಂಟಿ ಹಾರುಗರು ಗಾಜು ಎತ್ತದೆ ಮೂಗು ಸಿಗುವುದಿಲ್ಲ ಎನ್ನುವುದನ್ನು ನೆಲದ ಮೇಲೆಯೇ ಅಭ್ಯಾಸ ಮಾಡಿಕೊಂಡಿರಬೇಕು.

ವಿಮಾನದೊಳಗೆ ಕೂತ ಮೇಲೆ ಬೇಡ ಎನಿಸಿದರೆ? ಹೇಳಿ, ನಾಚಿಕೆ ಏನಿಲ್ಲ, ವಿಮಾನದಲ್ಲೇ ಕೆಳಗೆ ಬರಬಹುದು. ಆದರೆ ಹೇಳುವಾಗ "ಕಿವಿ ಸರಿ ಇಲ್ಲ" ಎನ್ನುವ ಕಾರಣವನ್ನೂ ಸೇರಿಸಿ. ಜನರನ್ನು ಇಳಿಸಿದ ಮೇಲೆ ಈ ಪೈಲಟ್‌ಗಳು ಮುಂದಿನ ಸರದಿಗೆಂದು ಭರ್ರನೆ ಇಳಿಯುವುದೇ ರೂಢಿ, ಕಾರಣ ಗೊತ್ತಿದ್ದರೆ ನಿಧಾನ ಇಳಿಸುತ್ತಾರೆ.

ಇಳಿದ ಮೇಲೆ ಕಿವಿ ಬಾವಿಯೊಳಗಿಂದ ಕೇಳಿದಂತೆ ಮಂದವಾಗಿದ್ದು, ನೋವು ಕಡಿಮೆಯಾಗುತ್ತಿದ್ದರೆ ಒಂದೆರಡು ದಿನ ನೋಡಬಹುದು. ಮೂಗು ಹಿಡಿದು ಪದೇ ಪದೇ ಊದಬೇಡಿ. ಸಿಂಬಳ ತೆಗೆಯುವಾಗ ಒಂದೊಂದೇ ಹೊಳ್ಳೆ, ಮೆಲ್ಲಗೆ. ಬಸ್ಸು, ರೈಲು ಪರವಾಗಿಲ್ಲ, ಅವತ್ತೇ ವಿಮಾನದಲ್ಲಿ ಊರಿಗೆ ಮರಳುವುದು ಬೇಡ. ಕಿವಿಯಿಂದ ರಕ್ತವೋ ನೀರೋ ಬಂದರೆ, ಇಳಿದು ಗಂಟೆಯಾದರೂ ತಲೆಸುತ್ತು ನಿಲ್ಲದಿದ್ದರೆ, ಒಂದು ಕಿವಿ ಕೇಳಿಸುವುದೇ ನಿಂತರೆ, ಒಳಗೆ ಹೊಸದಾಗಿ ಮೊರೆತ ಶುರುವಾದರೆ, ಮುಖದ ಒಂದು ಪಕ್ಕ ಜೋತರೆ, ಕಣ್ಣಿನ ಸುತ್ತ ಊದಿಕೊಂಡರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿನ ಇಎನ್‌ಟಿ ಡಾಕ್ಟರು, ಊರಿಗೆ ಬಂದು ನೋಡೋಣ ಎನ್ನಬೇಡಿ. ಒಳಕಿವಿಯ ಪೆಟ್ಟಿನಿಂದ ಕೇಳಿಸದಂತಾದಾಗ ಕೊಡುವ ಸ್ಟೀರಾಯ್ಡ್ ಬೇಗ ಶುರುವಾದಷ್ಟೂ ಫಲ, ವಾರಗಳು ಕಳೆದ ಮೇಲೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ತಮಟೆ ಹರಿದಿದೆ ಎಂದರೆ ಕಿವಿಗೆ ನೀರು ಹೋಗದಂತೆ ನೋಡಿಕೊಳ್ಳಬೇಕು, ತಲೆಸ್ನಾನಕ್ಕೆ ವ್ಯಾಸಲೀನ್ ಸವರಿದ ಅರಳೆ. ಸಣ್ಣ ತೂತು ಒಂದೂವರೆಯಿಂದ ಮೂರು ತಿಂಗಳೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮತ್ತೆ ಹಾರುವುದು ತೂತು ಮುಚ್ಚಿದ ದಿನ ಅಲ್ಲ, ತಮಟೆ ಮೊದಲಿನಂತೆ ಅಲುಗುತ್ತಿದೆ ಎಂದು ಡಾಕ್ಟರು ನೋಡಿ ಹೇಳಿದ ಮೇಲೆ. ಅಲ್ಲಿವರೆಗೆ ತಡೆಯಲಾಗದವರಿಗೆ ಹೈದರಾಬಾದಿನಲ್ಲಿ ಕೆಳಗಿನಿಂದ ಬೀಸುವ ಗಾಳಿಯ ಮೇಲೆ ತೇಲಿಸುವ ವಿಂಡ್ ಟನಲ್ ಇದೆ, ಎತ್ತರ ಬದಲಾಗದ ಕಾರಣ ಒತ್ತಡದ ಕಾಟ ಇಲ್ಲ. ಆದರೂ ಡಾಕ್ಟರನ್ನು ಕೇಳಿಯೇ ಹೋಗಿ, ಮತ್ತು ದಯವಿಟ್ಟು ಸಿಂಬಳ ಸುರಿಸಿಕೊಂಡು ಹೋಗಬೇಡಿ, ಅಲ್ಲಿ ಗಾಳಿ ಮೇಲಕ್ಕೆ ಬೀಸುತ್ತದೆ.